ಈ ರಸ್ತೆ ಯಾಕೆ ಇಷ್ಟು ಖಾಲಿ? ಸ್ಪೇನಿನ ತೆರುವೆಲ್ ಬೆಟ್ಟಗಳ ಲೆಕ್ಕಪುಸ್ತಕ

ಭಾಗ 1

ಇಂಥ ವಿಡಿಯೊ ನಿಮ್ಮ ಫೀಡ್‌ಗೂ ಬಂದಿರುತ್ತೆ. ಕೆಂಪು ಬೆಟ್ಟ, ಪೈನ್ ಕಾಡು, ಹೊರಳಿ ಹೊರಳಿ ಮೇಲಕ್ಕೆ ಹೋಗೋ ನುಣ್ಣನೆ ಡಾಂಬರು ರಸ್ತೆ, ಅದರ ಮೇಲೆ ಒಬ್ಬನೇ ಒಬ್ಬ ಸೈಕಲ್ ತುಳೀತಾ ಇರ್ತಾನೆ. ಹಿಂದೆ ಕಾರಿಲ್ಲ, ಎದುರಿಗೆ ಲಾರಿ ಇಲ್ಲ, ಹಾರ್ನ್ ಅಂತೂ ಇಲ್ವೇ ಇಲ್ಲ. ಕ್ಯಾಪ್ಷನ್‌ನಲ್ಲಿ "ಸ್ವರ್ಗ" ಅಂತ ಹಾಕಿರ್ತಾರೆ. ನಾವು ಲೈಕ್ ಒತ್ತಿ ಮುಂದಕ್ಕೆ ಹೋಗ್ತೀವಿ.

ಒಂದು ಪ್ರಶ್ನೆ ಕೇಳ್ಕೊಳ್ಳಿ. ಅಷ್ಟು ಚೆನ್ನಾಗಿರೋ ರಸ್ತೆ ಹಾಕಿದ್ದು ಯಾರಿಗೋಸ್ಕರ? ಅದರ ಮೇಲೆ ಓಡಾಡಬೇಕಾಗಿದ್ದ ಜನ ಎಲ್ಲಿ ಹೋದ್ರು?

ಈ ಸರಣಿ ಪೂರ್ತಿ ಒಂದೇ ಜಿಲ್ಲೆಯ ಬಗ್ಗೆ: ಸ್ಪೇನಿನ ಪೂರ್ವಕ್ಕೆ, ಅರಗಾನ್ ಪ್ರಾಂತ್ಯದ ದಕ್ಷಿಣಕ್ಕಿರೋ ತೆರುವೆಲ್. ಹೆಚ್ಚುಕಡಿಮೆ ಎಲ್ಲ ಬೆಟ್ಟಸೀಮೆ. ಜಿಲ್ಲೆಯ ಮುಖ್ಯ ಊರಿನ ಹೆಸರೂ ತೆರುವೆಲ್ಲೇ, ಅದು ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ವಿಸ್ತೀರ್ಣ ಸುಮಾರು 14,800 ಚದರ ಕಿ.ಮೀ., ಜನಸಂಖ್ಯೆ 1.35 ಲಕ್ಷದ ಆಸುಪಾಸು. ಭಾಗಿಸಿದ್ರೆ ಒಂದು ಚದರ ಕಿ.ಮೀ.ಗೆ 9 ಜನ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಇದೇ ಲೆಕ್ಕ 319. ಆ 1.35 ಲಕ್ಷದಲ್ಲೂ ಸುಮಾರು 36 ಸಾವಿರ ಜನ ತೆರುವೆಲ್ ಪಟ್ಟಣದಲ್ಲೇ ಇದ್ದಾರೆ. ಹಾಗಾಗಿ ಪಟ್ಟಣ ದಾಟಿದ ಮೇಲೆ ಸಿಗೋ ರಸ್ತೆ ಹೇಗಿರುತ್ತೆ ಅಂತ ಊಹಿಸ್ಕೊಳ್ಳಿ.

"ಅಲ್ಲಿ ಮೊದಲಿಂದ್ಲೂ ಜನ ಕಮ್ಮಿ ಇರಬೇಕು ಬಿಡು" ಅನ್ಬೇಡಿ. 1910ರ ಹೊತ್ತಿಗೆ ಇದೇ ಜಿಲ್ಲೇಲಿ ಎರಡೂವರೆ ಲಕ್ಷ ಜನ ಇದ್ರು. ನೂರು ವರ್ಷದಲ್ಲಿ ಇಡೀ ಸ್ಪೇನಿನ ಜನಸಂಖ್ಯೆ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು, ತೆರುವೆಲ್‌ನದ್ದು ಅರ್ಧಕ್ಕೆ ಬಂತು. ಸೈಕಲ್ ಸವಾರರು ಮೆಚ್ಚೋ ಆ ನಿಶ್ಶಬ್ದಕ್ಕೆ ತಾರೀಖುಗಳಿವೆ, ಕಂಪನಿಗಳಿವೆ, ಸರ್ಕಾರಿ ಆದೇಶಗಳಿವೆ. ಒಂದೊಂದಾಗಿ ನೋಡೋಣ.

ಭಾಗ 2

ಮೊದಲು ಕುರಿಗಳಿಂದ ಶುರು ಮಾಡ್ಬೇಕು, ಯಾಕಂದ್ರೆ ಈ ಬೆಟ್ಟಗಳಲ್ಲಿ ರಸ್ತೆ ಅನ್ನೋದು ಶುರುವಾಗಿದ್ದೇ ಕುರಿಗಳಿಂದ.

ತೆರುವೆಲ್‌ನಿಂದ ಪಶ್ಚಿಮಕ್ಕೆ ಅಲ್ಬರಾಸಿನ್ ಬೆಟ್ಟಸಾಲು. ಚಳಿಗಾಲದಲ್ಲಿ ಇಲ್ಲಿ ಹಿಮ ಬಿದ್ದು ಹುಲ್ಲು ಮುಚ್ಚಿಹೋಗುತ್ತೆ. ಅದಕ್ಕೆ ಕುರಿಗಾಹಿಗಳು ಹಿಂಡು ಹೊಡ್ಕೊಂಡು ದಕ್ಷಿಣದ ಆಂಡಲೂಸಿಯಾ ಕಡೆಯ ಬೆಚ್ಚಗಿನ ಬಯಲಿಗೆ ಇಳೀತಿದ್ರು. ಮೂರು ನಾಲ್ಕು ವಾರದ ನಡಿಗೆ. ಬೇಸಿಗೆ ಹತ್ರ ಬಂದಾಗ ಮತ್ತೆ ಅಷ್ಟೇ ದೂರ ವಾಪಸ್. ಗ್ವಾದಲವಿಯಾರ್ ಅನ್ನೋ ಪುಟ್ಟ ಊರಲ್ಲಿ ಈ ವಲಸೆಗೇ ಅಂತ ಒಂದು ಮ್ಯೂಸಿಯಂ ಇದೆ. ಕೆಲವು ಮನೆತನಗಳು ಇವತ್ತಿಗೂ ಕಾಲ್ನಡಿಗೆಯಲ್ಲೇ ಹೋಗ್ತವೆ.

ಪಕ್ಕದ ಕಾಸ್ಟೀಲ್ ರಾಜ್ಯದ ದೊರೆ ಹತ್ತನೇ ಅಲ್ಫಾನ್ಸೊ 1273ರಲ್ಲಿ ಕುರಿ ಸಾಕೋರ ಸಂಘಕ್ಕೆ ಸನದು ಕೊಟ್ಟ. ಅದರ ಹೆಸರು ಮೆಸ್ತಾ. ಮೆರಿನೊ ಉಣ್ಣೆ ಅಂದ್ರೆ ಆಗಿನ ಯುರೋಪಿಗೆ ಚಿನ್ನ ಇದ್ದ ಹಾಗೆ, ಆ ಕುರಿ ತಳಿ ದೇಶ ಬಿಟ್ಟು ಹೋಗೋ ಹಾಗೇ ಇರ್ಲಿಲ್ಲ. ನಾವು ಪರೀಕ್ಷೆಗೆ ಬಾಯಿಪಾಠ ಮಾಡೋ "ಮೊನಾಪೊಲಿ" ಇದೇ. ಹಿಂಡುಗಳು ನಡೆಯೋಕೆ ಅಂತ ಮೀಸಲಿಟ್ಟ ದಾರಿಗಳಲ್ಲಿ ದೊಡ್ಡವು 75 ಮೀಟರ್ ಅಗಲ, ಅಂದ್ರೆ ನಮ್ಮ ಎಷ್ಟೋ ಹೆದ್ದಾರಿಗಳಿಗಿಂತ ಅಗಲ. ಅದನ್ನ ಉಳುಮೆ ಮಾಡೋ ಹಾಗಿರ್ಲಿಲ್ಲ.

18ನೇ ಶತಮಾನದಲ್ಲಿ ಮೆರಿನೊ ಹೊರಗೆ ಹೋಯ್ತು. ಜರ್ಮನಿಯ ಸ್ಯಾಕ್ಸನಿಗೆ, 1797ರಲ್ಲಿ ಆಸ್ಟ್ರೇಲಿಯಾಕ್ಕೆ. ಅಲ್ಲಿಗೆ ಮೊನಾಪೊಲಿ ಮುಗೀತು. 1836ರಲ್ಲಿ ಮೆಸ್ತಾನೇ ರದ್ದಾಯ್ತು. ಬೆಟ್ಟದ ಊರುಗಳ ಕೈಯಲ್ಲಿದ್ದ ದುಡ್ಡಿನ ಬೆಳೆ ಹೋಗಿದ್ದು ಅವಾಗ.

ಆದ್ರೆ ದಾರಿಗಳು ಉಳಿದ್ವು. ಇಡೀ ಸ್ಪೇನ್‌ನಲ್ಲಿ ಸುಮಾರು 1,25,000 ಕಿ.ಮೀ. ಕುರಿದಾರಿ ಇದೆ. 1995ರ ಕಾನೂನಿನ ಪ್ರಕಾರ ಅವು ಸಾರ್ವಜನಿಕ ಆಸ್ತಿ, ಮಾರೋ ಹಾಗಿಲ್ಲ. ಕುರಿಗಳಿಗೆ ಮೊದಲ ಹಕ್ಕು, ಅದಕ್ಕೆ ತೊಂದರೆ ಆಗದ ಹಾಗೆ ನಡೆಯೋರು, ಕುದುರೆ ಸವಾರರು, ಸೈಕಲ್‌ನೋರು ಬಳಸಬಹುದು. ಅಲ್ಬರಾಸಿನ್ ಬೆಟ್ಟದಲ್ಲಿ ಡಾಂಬರು ಬಿಟ್ಟು ಪಕ್ಕದ ಹುಲ್ಲುದಾರಿಗೆ ಸೈಕಲ್ ಇಳಿಸಿದ್ರೆ, ಬಹುಪಾಲು ನೀವು ತುಳೀತಿರೋದು ಏಳು ನೂರು ವರ್ಷ ಕುರಿ ನಡೆದ ಜಾಗ.

ಭಾಗ 3

ಈಗ ನನಗೆ ತುಂಬ ಇಷ್ಟವಾದ ಭಾಗ. ಬಿಕಾಂ ಗೆಳೆಯರೇ, ಗಮನ ಇಟ್ಟು ಓದಿ, ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ಇರಬೇಕಾಗಿದ್ದ ಉದಾಹರಣೆ ಇದು.

ಜಿಲ್ಲೆಯ ವಾಯವ್ಯಕ್ಕೆ ಓಹೋಸ್ ನೆಗ್ರೋಸ್ ಅನ್ನೋ ಊರಿದೆ. ಹೆಸರಿನ ಅರ್ಥ "ಕಪ್ಪು ಕಣ್ಣುಗಳು". ಅದರ ಪಕ್ಕದ ಗುಡ್ಡ ಸಿಯೆರಾ ಮೆನೇರಾ, ಹೊಟ್ಟೆ ತುಂಬ ಕಬ್ಬಿಣದ ಅದಿರು. 1900ರಲ್ಲಿ ಉತ್ತರದ ಬಾಸ್ಕ್ ನಾಡಿನ ಉದ್ಯಮಿ ರಾಮೋನ್ ದೆ ಲಾ ಸೋತಾ ಮತ್ತವರ ಪಾಲುದಾರರು ಇಲ್ಲಿ ಗಣಿ ಕಂಪನಿ ಶುರು ಮಾಡಿದ್ರು. ಅದಿರು ಇದೆ, ಕೊಳ್ಳೋರು ಇದ್ದಾರೆ, ಆದ್ರೆ ಸಮುದ್ರ ಇನ್ನೂರು ಕಿ.ಮೀ. ದೂರ.

ಅದೇ ಹೊತ್ತಿಗೆ ಆ ಕಣಿವೇಲಿ ಒಂದು ರೈಲು ಬರ್ತಾ ಇತ್ತು. ಸೆಂಟ್ರಲ್ ಅರಗಾನ್ ಅನ್ನೋ ಕಂಪನಿ, ಬೆಲ್ಜಿಯಂ ಬಂಡವಾಳ, 1901ರಲ್ಲಿ ತೆರುವೆಲ್‌ವರೆಗೆ ಹಳಿ ಹಾಕಿ ಆಗಿತ್ತು. ಅದು ವೆಲೆನ್ಸಿಯಾ ಕರಾವಳಿಗೇ ಹೋಗೋ ರೈಲು. ಅದರಲ್ಲೇ ಅದಿರು ಕಳಿಸಿದ್ರೆ ಆಯ್ತಲ್ಲ? ಸಾಗಾಟದ ದರದ ಬಗ್ಗೆ ಎರಡೂ ಕಂಪನಿ ಕೂತು ಮಾತಾಡಿದ್ವು. ಹೊಂದಾಣಿಕೆ ಆಗ್ಲಿಲ್ಲ.

ಸೋತಾ ಏನು ಮಾಡಿದ ಗೊತ್ತಾ? ಪಕ್ಕದಲ್ಲೇ ಇನ್ನೊಂದು ರೈಲುದಾರಿ ಹಾಕಿಸಿದ. ಸುಮಾರು 204 ಕಿ.ಮೀ. ಉದ್ದ, ಮೀಟರ್ ಗೇಜ್, ಗಣಿಯಿಂದ ಸಗುಂಟೊ ಬಂದರಿನ ತನಕ. 1907ರಲ್ಲಿ ಓಡಾಟ ಶುರು. ಒಂದೇ ಕಣಿವೆ, ಒಂದೇ ದಿಕ್ಕು, ಎರಡು ರೈಲು. ಎಷ್ಟೋ ಕಡೆ ಒಂದರ ಕಿಟಕಿಯಿಂದ ಇನ್ನೊಂದರ ಹಳಿ ಕಾಣ್ತಿತ್ತು, ಕೆಲವು ಕಡೆ ಒಂದನ್ನೊಂದು ದಾಟ್ತಿದ್ವು.

"ಮೇಕ್ ಆರ್ ಬೈ" ಅಂತ ಓದ್ತೀವಲ್ಲ: ಸೇವೆ ಹೊರಗಡೆಯಿಂದ ಕೊಂಡ್ಕೊಳ್ಳೋದಾ, ನಾವೇ ಮಾಡ್ಕೊಳ್ಳೋದಾ? ಸೋತಾ "ಮೇಕ್" ಅಂದ. ಸುರಂಗ ಕೊರೆಸಿದ, ಸೇತುವೆ ಕಟ್ಟಿಸಿದ, ಬಂದರನ್ನೂ ಕಟ್ಟಿಸಿದ. ಸಗುಂಟೊ ಪಕ್ಕದ ಸಮುದ್ರತೀರದಲ್ಲಿ ಮೊದಲು ಹೇಳ್ಕೊಳ್ಳೋ ಅಂಥದ್ದೇನೂ ಇರ್ಲಿಲ್ಲ. ಅದಿರು ತುಂಬೋ ಕಟ್ಟೆ ಬಂತು, ಅದರ ಸುತ್ತ ಕಾರ್ಮಿಕರ ಮನೆ ಬಂದ್ವು, 1917ರಲ್ಲಿ ಸೋತಾನೇ ಉಕ್ಕಿನ ಕಂಪನಿ ಶುರು ಮಾಡಿದ. ಒಂದು ಊರು ಹುಟ್ಕೊಂಡ್ತು. ಆ ಊರಿಗೆ ಕೆಲಸಕ್ಕೆ ಜನ ಎಲ್ಲಿಂದ ಬಂದ್ರು? ಬೇರೆ ಬೇರೆ ಕಡೆಯಿಂದ ಬಂದ್ರು, ಅದರಲ್ಲಿ ತೆರುವೆಲ್ ಬೆಟ್ಟದೋರೂ ಬಹಳ. ಅಂದ್ರೆ ಆ ಹಳಿ ಅದಿರನ್ನ ಮಾತ್ರ ಕೆಳಗೆ ಇಳಿಸ್ಲಿಲ್ಲ.

ಇನ್ನೂ ಒಂದು ತಿರುವು ಇದೆ. 65 ವರ್ಷ ಆದ್ಮೇಲೆ, 1972ರಲ್ಲಿ, ಕಂಪನಿ ತನ್ನ ಸ್ವಂತ ರೈಲು ನಿಲ್ಲಿಸ್ತು. ಆಮೇಲೆ ಅದಿರು ಹೋಗಿದ್ದು ಯಾವುದರಲ್ಲಿ? ಅಷ್ಟೊತ್ತಿಗೆ ಸರ್ಕಾರದ ಕೈಗೆ ಬಂದಿದ್ದ ಪಕ್ಕದ ಅದೇ ಹಳೇ ರೈಲಿನಲ್ಲಿ. 204 ಕಿ.ಮೀ. ಸುತ್ತಿ ಕೊನೆಗೆ "ಬೈ"ಗೇ ಬಂದು ನಿಂತ್ರು.

ಭಾಗ 4

ಆ ಬಿಟ್ಟುಹೋದ ದಾರಿನೇ ಈಗ ಓಹೋಸ್ ನೆಗ್ರೋಸ್ ಹಸಿರುದಾರಿ. ಸುಮಾರು 160 ಕಿ.ಮೀ., ಸ್ಪೇನಿನ ಅತಿ ಉದ್ದದ ಹಸಿರುದಾರಿಗಳಲ್ಲಿ ಒಂದು. ಹಳಿ ಕಿತ್ತು ಕೆಲವು ಕಡೆ ಡಾಂಬರು, ಕೆಲವು ಕಡೆ ಗಟ್ಟಿಮಣ್ಣು ಹಾಕಿದ್ದಾರೆ. ಮೋಟಾರು ವಾಹನ ಇಲ್ಲ.

ಇಲ್ಲಿ ತುಳಿಯೋದು ಸುಲಭ ಅಂತಾರೆ, ಅದಕ್ಕೂ ಕಾರಣ ಅದಿರೇ. ಉಗಿ ಇಂಜಿನ್ ಹಿಂದೆ ಟನ್‌ಗಟ್ಟಲೆ ಕಲ್ಲು ಎಳೆಯೋ ರೈಲಿಗೆ ಕಡಿದಾದ ಏರು ಆಗಿಬರಲ್ಲ. ಹಾಗಾಗಿ ಇಂಜಿನಿಯರುಗಳು ಬೆಟ್ಟಾನೇ ಕಡಿದು, ಸುರಂಗ ತೋಡಿ, ಏರನ್ನ ಉದ್ದಕ್ಕೆ ಎಳೆದು ಸಮ ಮಾಡಿದ್ರು. ನಿಮ್ಮ ಮೊಣಕಾಲಿಗೆ ಸಿಗೋ ಆರಾಮ ಆ ಲೆಕ್ಕಾಚಾರದಿಂದ ಬಂದಿದ್ದು. ತೆರುವೆಲ್ ಪಟ್ಟಣ ತಗ್ಗಿನಲ್ಲಿದೆ, ಅದು ದಾಟಿದ ಮೇಲೆ ತುಂಬಿದ ಗಾಡಿಗಳೂ ಎಸ್ಕಂದೋನ್ ಕಣಿವೆಬಾಯಿಗೆ, ಅಂದ್ರೆ 1,200 ಮೀಟರ್ ಎತ್ತರಕ್ಕೆ, ಹತ್ತಲೇಬೇಕಿತ್ತು. ಇಡೀ ದಾರೀಲಿ ಉಸಿರು ಬಿಗಿಹಿಡಿಯೋ ಜಾಗ ಅದು. ಬರ್ರಾಕಾಸ್ ಊರು ದಾಟಿದ್ರೆ ಸಮುದ್ರದ ತನಕ ಹೆಚ್ಚುಕಡಿಮೆ ಇಳಿಜಾರೇ. ಬುದ್ಧಿ ಇರೋರು ಮೇಲಿಂದ ಕೆಳಕ್ಕೆ ಹೋಗ್ತಾರೆ.

ದಾರಿ ಪಕ್ಕ ಅಲ್ಲಲ್ಲಿ ಕಾಂಕ್ರೀಟ್ ಗೂಡು, ಕಂದಕ ಸಿಗುತ್ತೆ. ಸ್ಪೇನಿನ ಅಂತರ್ಯುದ್ಧದ್ದು. 1937ರ ಡಿಸೆಂಬರ್‌ನಿಂದ 1938ರ ಫೆಬ್ರುವರಿ ತನಕ ತೆರುವೆಲ್‌ಗೋಸ್ಕರ ನಡೆದ ಯುದ್ಧ ಆ ದೇಶದ ನೆನಪಿನಲ್ಲಿ ಚಳಿಯ ಯುದ್ಧ ಅಂತಲೇ ಉಳಿದಿದೆ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋದ ಚಳೀಲಿ ಗುಂಡಿಗಿಂತ ಹಿಮಕ್ಕೆ ಕೈಕಾಲು ಕಳ್ಕೊಂಡೋರು ಲೆಕ್ಕವಿಲ್ಲ. ರಿಪಬ್ಲಿಕ್ ಸೇನೆ ಊರು ಹಿಡೀತು, ಫ್ರಾಂಕೊ ಸೇನೆ ಫೆಬ್ರುವರಿ 22ಕ್ಕೆ ವಾಪಸ್ ಕಿತ್ಕೊಂಡ್ತು. ಫೋಟೊಗ್ರಫಿ ಹುಚ್ಚಿರೋರಿಗೆ ಒಂದು ಮಾತು: ರಾಬರ್ಟ್ ಕಾಪಾ ಅಲ್ಲಿದ್ದ. ಆ ಕಪ್ಪುಬಿಳುಪು ಚಿತ್ರಗಳನ್ನ ಹುಡುಕಿ ನೋಡಿ, ಆಮೇಲೆ ಅದೇ ಊರಿನ ಇವತ್ತಿನ ಟೂರಿಸ್ಟ್ ಫೋಟೊ ನೋಡಿ.

ಭಾಗ 5

ಯುದ್ಧ 1939ಕ್ಕೆ ಮುಗೀತು ಅಂತ ಪುಸ್ತಕ ಹೇಳುತ್ತೆ. ಈ ಬೆಟ್ಟಗಳಲ್ಲಿ ಮುಗೀಲಿಲ್ಲ. ನೀವು ಓದಲೇಬೇಕು ಅಂತ ನಾನು ಅಂದ್ಕೊಂಡಿರೋ ಭಾಗ ಇದು.

ತೆರುವೆಲ್‌ನಿಂದ ಪೂರ್ವಕ್ಕೆ ಗೂದರ್ ಮತ್ತು ಮಾಯೆಸ್ಟ್ರಾಸ್ಗೊ ಬೆಟ್ಟಸಾಲುಗಳು. ಸೈಕಲ್‌ನೋರಿಗೆ ಇವತ್ತು ಇದು ಹಬ್ಬದೂಟ. ಒಂದಾದ ಮೇಲೆ ಒಂದು ಘಾಟಿ, ಸುಮಾರು 1,690 ಮೀಟರ್ ಎತ್ತರದಲ್ಲಿ ವಾಲ್ದೆಲಿನಾರೆಸ್ ಅನ್ನೋ ಊರು. ಸ್ಪೇನಿನ ಅತಿ ಎತ್ತರದ ಊರುಗಳಲ್ಲಿ ಅದೂ ಒಂದು, ಇರೋದು ನೂರರ ಆಸುಪಾಸು ಜನ. ಈ ರಸ್ತೆಗಳ ಅಕ್ಕಪಕ್ಕ ನೋಡ್ತಾ ಹೋದ್ರೆ ದಿಬ್ಬದ ಮೇಲೆ ಒಂಟಿ ಕಲ್ಲಿನ ಮನೆ ಕಾಣುತ್ತೆ. ಸೂರು ಕುಸಿದಿದೆ, ಒಳಗೆ ಗಿಡ ಬೆಳೆದಿದೆ. ಮತ್ತೊಂದು ತಿರುವು, ಮತ್ತೊಂದು ಮನೆ. ಫೋಟೊಗೆ ಚೆನ್ನಾಗಿರುತ್ತೆ, ಎಲ್ಲರೂ ತೆಗೀತಾರೆ.

ಅವುಗಳನ್ನ ಮಸಿಯಾ ಅಂತಾರೆ. ನಮ್ಮ ತೋಟದ ಮನೆ ಇದ್ದ ಹಾಗೆ: ಹೊಲದ ಮಧ್ಯೆ ಮನೆ, ಕೆಳಗೆ ದನಕುರಿ, ಮೇಲೆ ಸಂಸಾರ, ಪಕ್ಕದಲ್ಲಿ ಕಣ. ಇದ್ದೋರಲ್ಲಿ ಬಹಳಷ್ಟು ಜನ ಗೇಣಿದಾರರು. ಜಮೀನು ಬೇರೆಯೋರದ್ದು, ದುಡಿಮೆ ಇವರದ್ದು. ಊರು ಗಂಟೆಗಟ್ಟಲೆ ನಡಿಗೆ ದೂರ.

ಯುದ್ಧದಲ್ಲಿ ಸೋತ ಕಡೆಯೋರಲ್ಲಿ ಕೆಲವರು ಬಂದೂಕು ಹಿಡ್ಕೊಂಡೇ ಈ ಕಾಡು ಸೇರಿದ್ರು. ಅವರಿಗೆ ಮಾಕಿ ಅನ್ನೋ ಹೆಸರು. 1940ರ ದಶಕದ ನಡುವಿಗೆ ಅದು ಒಂದು ಸಂಘಟನೆ ಆಯ್ತು. ಕಾಡಲ್ಲಿರೋರಿಗೆ ರೊಟ್ಟಿ ಬೇಕು, ಸುದ್ದಿ ಬೇಕು. ರಾತ್ರಿ ಹೊತ್ತು ಬಾಗಿಲು ತಟ್ಟೋಕೆ ಇದ್ದಿದ್ದು ಆ ಒಂಟಿಮನೆಗಳೇ. ಕೊಟ್ರೆ ಬೆಳಿಗ್ಗೆ ಸಿವಿಲ್ ಗಾರ್ಡ್ ಬಂದು ಹೊಡೀತಿತ್ತು, ಕೊಡ್ಲಿಲ್ಲ ಅಂದ್ರೆ ರಾತ್ರಿ ಬಂದೋರು ಬಿಡ್ತಿರ್ಲಿಲ್ಲ. ಆ ಸಂಸಾರಗಳಿಗೆ ಎರಡೂ ಕಡೆಯಿಂದ ಭಯ.

1947ರ ಬೇಸಿಗೆಯಲ್ಲಿ ಫ್ರಾಂಕೊ ಸರ್ಕಾರ ಜನರಲ್ ಮಾನುಯೆಲ್ ಪಿಸಾರೊನ ತೆರುವೆಲ್‌ನ ಗವರ್ನರ್ ಮಾಡಿ ಕಳಿಸ್ತು. ಅವನ ಲೆಕ್ಕ ಸರಳ: ಕಾಡಿನವರಿಗೆ ಅನ್ನ ಸಿಗೋ ಜಾಗಾನೇ ಮುಚ್ಚಿಬಿಡೋದು. ಮಸಿಯಾದಲ್ಲಿ ಇರೋರು ರಾತ್ರಿ ಮನೆಗೆ ಬೀಗ ಹಾಕಿ ಊರಿಗೆ ಬಂದು ಮಲಗಬೇಕು, ಬೀಗದ ಕೈ ಒಪ್ಪಿಸ್ಬೇಕು, ಬೆಳಿಗ್ಗೆ ಈಸ್ಕೊಂಡು ಹೊಲಕ್ಕೆ ಹೋಗ್ಬೇಕು. ಎಷ್ಟೋ ಮನೆಗಳನ್ನ ಪೂರ್ತಿಯಾಗೇ ಖಾಲಿ ಮಾಡಿಸಿದ್ರು.

ಸ್ವಲ್ಪ ಯೋಚನೆ ಮಾಡಿ. ಹಸು ಕರು ಹಾಕೋದು ರಾತ್ರಿ. ತೋಳ ಬರೋದು ರಾತ್ರಿ. ದಿನಾ ಸಂಜೆ ಎರಡು ಗಂಟೆ ನಡೆದು ಊರಿಗೆ, ಬೆಳಿಗ್ಗೆ ಎರಡು ಗಂಟೆ ನಡೆದು ಹೊಲಕ್ಕೆ. ಎಷ್ಟು ದಿನ ನಡೆಯುತ್ತೆ ಈ ಸಂಸಾರ? ಒಂದು ಮನೆ ಬಿಟ್ರೆ ಪಕ್ಕದ ಮನೆಗೆ ಜೊತೆ ಇಲ್ಲ, ಅವರೂ ಬಿಡ್ತಾರೆ. 1952ರ ಹೊತ್ತಿಗೆ ಕಾಡಲ್ಲಿದ್ದೋರು ಮುಗಿದ್ರು. ಮನೆ ಬಿಟ್ಟೋರಲ್ಲಿ ಬಹಳ ಜನ ವಾಪಸ್ ಬರಲಿಲ್ಲ.

ಹಾಗಾಗಿ ರಸ್ತೆ ಪಕ್ಕದ ಆ ಪಾಳುಮನೆಗಳೆಲ್ಲಾ ಬರೀ ಬಡತನಕ್ಕೆ ಬಿದ್ದವಲ್ಲ. ಕೆಲವಕ್ಕೆ ಸರ್ಕಾರವೇ ಬೀಗ ಹಾಕಿಸಿತ್ತು.

ಭಾಗ 6

1959ರಲ್ಲಿ ಸ್ಪೇನ್ ಆರ್ಥಿಕ ಸ್ಥಿರೀಕರಣ ಯೋಜನೆ ತಂತು. ಬಾಗಿಲು ಮುಚ್ಕೊಂಡಿದ್ದ ಆರ್ಥಿಕತೆ ಹೊರಗಿನ ಬಂಡವಾಳಕ್ಕೆ ತೆರ್ಕೊಂಡ್ತು. 1991ರ ಬಗ್ಗೆ ಓದಿದೋರಿಗೆ ಈ ತರದ ಕಥೆ ಗೊತ್ತೇ ಇದೆ. ಬಾರ್ಸಿಲೋನಾ, ವೆಲೆನ್ಸಿಯಾ, ಮ್ಯಾಡ್ರಿಡ್, ಸರಗೋಸಾದಲ್ಲಿ ಫ್ಯಾಕ್ಟರಿಗಳು ಎದ್ವು. ಹಳ್ಳೀಲಿ ಟ್ರ್ಯಾಕ್ಟರ್ ಬಂತು, ಆದ್ರೆ ಬೆಟ್ಟದ ಮೆಟ್ಟಿಲು ಹೊಲಕ್ಕೆ ಟ್ರ್ಯಾಕ್ಟರ್ ಹತ್ತಲ್ಲ. ಬಯಲಿನ ಗೋಧಿ ಜೊತೆ ಪೈಪೋಟಿ ಮಾಡೋಕೆ ಆಗ್ಲಿಲ್ಲ.

ನಮ್ಮ ಭಾಷೇಲಿ ಇದಕ್ಕೊಂದು ಪದ ಇದೆ, ಗುಳೆ. ಆದ್ರೆ ಗುಳೆ ಹೋದೋರು ಮಳೆ ಬಂದ್ರೆ ವಾಪಸ್ ಬರ್ತಾರೆ. ತೆರುವೆಲ್‌ನೋರು ಟ್ರಂಕು, ಮಂಚ, ಅಜ್ಜಿ ಎಲ್ಲರನ್ನೂ ಕಟ್ಕೊಂಡು ಹೋದ್ರು. 1950ರಲ್ಲಿ 2.3 ಲಕ್ಷಕ್ಕೂ ಹೆಚ್ಚಿದ್ದ ಜನ 1981ರ ಹೊತ್ತಿಗೆ ಒಂದೂವರೆ ಲಕ್ಷದ ಹತ್ತಿರ. ಮೂವತ್ತು ವರ್ಷ, ಮೂರರಲ್ಲಿ ಒಂದು ಪಾಲು. ಹೋದೋರೆಲ್ಲ ವಯಸ್ಸಿನ ಹುಡುಗ ಹುಡುಗೀರು, ಅಂದ್ರೆ ನಮ್ಮ ವಯಸ್ಸಿನೋರು. ಆದ್ದರಿಂದ ಮುಂದಿನ ಪೀಳಿಗೆ ಹುಟ್ಟಿದ್ದೂ ಬೇರೆ ಊರಲ್ಲೇ.

ಆಮೇಲೆ ಸಗುಂಟೊದಿಂದ ತೆರುವೆಲ್ ಮೇಲೆ ಹಾದು ಸರಗೋಸಾ ಕಡೆಗೆ ಎ-23 ಅನ್ನೋ ದೊಡ್ಡ ಹೆದ್ದಾರಿ ಬಂತು. ಲಾರಿಗಳೆಲ್ಲ ಅದಕ್ಕೆ ಹತ್ತಿದ್ವು. ಹಳೇ ಎನ್-234 ರಸ್ತೇಲಿ ಉಳಿದಿದ್ದು ಪಕ್ಕದ ಊರಿನ ಟ್ರ್ಯಾಕ್ಟರ್, ಬ್ರೆಡ್ಡಿನ ವ್ಯಾನು, ಮತ್ತೆ ಸೈಕಲ್‌ಗಳು.

ಭಾಗ 7

1984ರಲ್ಲಿ ಸಗುಂಟೊದ ಉಕ್ಕಿನ ಊದುಕುಲುಮೆ ಆರಿತು. ಕಾರ್ಮಿಕರು ವರ್ಷಕ್ಕೂ ಮೇಲೆ ಹೋರಾಡಿದ್ರು, ಮ್ಯಾಡ್ರಿಡ್ ತನಕ ಹೋದ್ರು, ಉಳಿಸ್ಕೊಳ್ಳೋಕೆ ಆಗ್ಲಿಲ್ಲ. ಕೊಳ್ಳೋನೇ ಇಲ್ದಿದ್ಮೇಲೆ ಅದಿರು ಯಾಕೆ? 1987ಕ್ಕೆ ಓಹೋಸ್ ನೆಗ್ರೋಸ್ ಗಣಿಯೂ ಮುಚ್ತು. ಕುಲುಮೆಗಳಲ್ಲಿ ಒಂದನ್ನ ಸ್ಮಾರಕ ಅಂತ ಹಾಗೇ ಉಳಿಸಿದ್ದಾರೆ, ಸಮುದ್ರದ ಪಕ್ಕ ತುಕ್ಕು ಬಣ್ಣದ ಗೋಪುರದ ಹಾಗೆ ನಿಂತಿದೆ. ಇನ್ನೊಂದು ತುದೀಲಿ ಗಣಿ ಕಾರ್ಮಿಕರ ಕಾಲೊನಿ ಪಾಳು ಬಿದ್ದಿದೆ. ಮಧ್ಯದಲ್ಲಿ ನಿಮ್ಮ ಸೈಕಲ್ ದಾರಿ.

1985ರ ಜನವರಿ 1ರಂದು ನಷ್ಟದ ಲೆಕ್ಕ ತೋರಿಸಿ ಸ್ಪೇನ್ ಸರ್ಕಾರ ಒಂದೇ ಏಟಿಗೆ 900 ಕಿ.ಮೀ.ಗೂ ಹೆಚ್ಚು ರೈಲುದಾರಿ ಮುಚ್ತು. ಈ ಲೆಕ್ಕದ ಮೇಲೆ ನನಗೆ ತಕರಾರಿದೆ. ಟಿಕೆಟ್ ಆದಾಯ ಒಂದು ಕಡೆ, ಖರ್ಚು ಇನ್ನೊಂದು ಕಡೆ ಬರೆದು ಕೆಳಗೆ ನಷ್ಟ ಅಂತ ಗೆರೆ ಎಳೆಯೋದು ಸುಲಭ. ರೈಲು ನಿಂತ ಮೇಲೆ ಊರು ಬಿಟ್ಟು ಹೋದೋರನ್ನ ಯಾವ ಕಾಲಂನಲ್ಲಿ ಬರೀತೀರಾ? ಆ ಕಾಲಂ ಇಲ್ಲದ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗೋದೇ ಹೀಗೆ.

1993ರಲ್ಲಿ ಸ್ಪೇನಿನ ರೈಲ್ವೆ ಪ್ರತಿಷ್ಠಾನದ ನೇತೃತ್ವದಲ್ಲಿ "ವಿಯಾ ವೆರ್ದೆ", ಅಂದ್ರೆ ಹಸಿರುದಾರಿ, ಅನ್ನೋ ಯೋಜನೆ ಶುರುವಾಯ್ತು. ಆಗ ದೇಶದಲ್ಲಿ ಏಳು ಸಾವಿರ ಕಿ.ಮೀ.ಗೂ ಹೆಚ್ಚು ಪಾಳು ರೈಲುದಾರಿ ಇತ್ತು. ಅದರಲ್ಲಿ ಈಗ 3,000 ಕಿ.ಮೀ.ಗಿಂತ ಜಾಸ್ತಿ ನಡೆಯೋರಿಗೆ, ಸೈಕಲ್‌ನೋರಿಗೆ ಸಿಕ್ಕಿದೆ.

(ತೆರುವೆಲ್ ಬಿಟ್ಟು ಒಂದೇ ಒಂದು ಮಾತು. ದಕ್ಷಿಣದ ಆಂಡಲೂಸಿಯಾದಲ್ಲಿ ಪುವೆರ್ತೊ ಸೆರಾನೊದಿಂದ ಒಲ್ವೇರಾ ತನಕ 36 ಕಿ.ಮೀ. ಹಸಿರುದಾರಿ ಇದೆ, 30 ಸುರಂಗ. 1920ರ ದಶಕದಲ್ಲಿ ಶುರುವಾದ ಕೆಲಸ, ಅಂತರ್ಯುದ್ಧ ಬಂತು, ದುಡ್ಡು ನಿಂತ್ತು. ಅದರ ಮೇಲೆ ಇವತ್ತಿನ ತನಕ ಒಂದೂ ರೈಲು ಓಡಿಲ್ಲ. ಹುಟ್ಟಿದಾಗಿಂದ ಸೈಕಲ್ ಮಾತ್ರ ನೋಡಿರೋ ರೈಲುದಾರಿ!)

ಭಾಗ 8

2016ರಲ್ಲಿ ಸೆರ್ಹಿಯೊ ದೆಲ್ ಮೊಲಿನೊ ಅನ್ನೋ ಲೇಖಕರ ಪುಸ್ತಕ ಬಂತು. ಶೀರ್ಷಿಕೆಯ ಅರ್ಥ "ಖಾಲಿ ಸ್ಪೇನ್". ಆ ಪದ ದೇಶದ ಬಾಯಲ್ಲೆಲ್ಲ ಓಡಾಡ್ತು, ಟಿವಿಗೆ ಬಂತು, ಚುನಾವಣಾ ಭಾಷಣಕ್ಕೂ ಬಂತು. ಹಳ್ಳಿಯೋರಿಗೆ ಮಾತ್ರ ಅದರಲ್ಲಿ ಒಂದು ತಕರಾರು. ಅವರು ಪದದ ಬಾಲ ಬದಲಾಯಿಸಿದ್ರು. "ವಸಿಯಾ" ಅಂದ್ರೆ ಖಾಲಿ. "ವಸಿಯಾದಾ" ಅಂದ್ರೆ ಖಾಲಿ ಮಾಡಲ್ಪಟ್ಟ. ಕನ್ನಡದಲ್ಲಿ ನಮಗೆ ಇದು ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ: ಮನೆ ಖಾಲಿ ಇದೆ ಅನ್ನೋದಕ್ಕೂ ಮನೆ ಖಾಲಿ ಮಾಡಿಸಿದ್ರು ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಅಂತ ಬಾಡಿಗೆ ಮನೇಲಿ ಬೆಳೆದ ಯಾರನ್ನಾದ್ರೂ ಕೇಳಿ.

2019ರ ಮಾರ್ಚ್ 31ರಂದು "ಖಾಲಿ ಮಾಡಿಸಿದ ಸ್ಪೇನ್" ಹೆಸರಲ್ಲಿ ಹಳ್ಳಿಗಳ ಜನ ಮ್ಯಾಡ್ರಿಡ್‌ನಲ್ಲಿ ದೊಡ್ಡ ಮೆರವಣಿಗೆ ಮಾಡಿದ್ರು. ಮುಂದೆ ಇದ್ದೋರಲ್ಲಿ ತೆರುವೆಲ್‌ನೋರು. ಅಲ್ಲಿ 1999ರಿಂದ ಒಂದು ನಾಗರಿಕ ವೇದಿಕೆ ಇದೆ, ಹೆಸರು "ತೆರುವೆಲ್ ಎಕ್ಸಿಸ್ತೆ". ಅರ್ಥ ಇಷ್ಟೇ: ತೆರುವೆಲ್ ಇದೆ. ನಾವಿದ್ದೀವಿ ಅಂತ ಹೇಳ್ಕೊಳ್ಳೋಕೆ ಒಂದು ಸಂಘ ಕಟ್ಟಬೇಕಾದ ಸ್ಥಿತಿ ನೋಡಿ. ಬೇಡಿಕೆಗಳು ದೊಡ್ಡವೇನಲ್ಲ. ಆಸ್ಪತ್ರೆ, ಇಂಟರ್ನೆಟ್, ರೈಲು. ಮ್ಯಾಡ್ರಿಡ್‌ಗೆ ನೇರ ರೈಲಿಲ್ಲದ ಜಿಲ್ಲಾ ಕೇಂದ್ರ ಅದು.

2019ರ ನವೆಂಬರ್ ಚುನಾವಣೇಲಿ ಆ ವೇದಿಕೆ ಸ್ಪರ್ಧಿಸಿ ಸಂಸತ್ತಿನ ಕೆಳಮನೇಲಿ ಒಂದು ಸ್ಥಾನ ಗೆದ್ದಿತು. 2020ರ ಜನವರಿ 7ರಂದು ಪೆದ್ರೊ ಸಾಂಚೆಸ್ ಪ್ರಧಾನಿ ಆಗಿದ್ದು 167ಕ್ಕೆ 165 ಮತಗಳಿಂದ. ಆ 167ರಲ್ಲಿ ಒಂದು ತೆರುವೆಲ್‌ನದ್ದು. ಒಂದು ಚದರ ಕಿ.ಮೀ.ಗೆ 9 ಜನ ಇರೋ ಜಿಲ್ಲೆ ಅವತ್ತು ಇಡೀ ದೇಶದ ಸುದ್ದಿ.

ಭಾಗ 9

ಜನ ಇಲ್ಲದಿರೋದನ್ನೇ ಬಂಡವಾಳ ಮಾಡ್ಕೊಂಡಿರೋದೂ ಇದೆ. ತೆರುವೆಲ್‌ನ ದಕ್ಷಿಣಕ್ಕೆ ಹವಲಾಂಬ್ರೆ ಬೆಟ್ಟ. ಸುಮಾರು 1,950 ಮೀಟರ್ ಎತ್ತರದ ಶಿಖರದಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿದ್ದಾರೆ, ದೊಡ್ಡ ದೂರದರ್ಶಕದ ಕನ್ನಡಿ ಎರಡೂವರೆ ಮೀಟರ್ ಅಗಲ. ಅಲ್ಲೇ ಯಾಕೆ? ಸುತ್ತಮುತ್ತ ದೀಪ ಕಮ್ಮಿ, ಆಕಾಶ ಕಡುಕಪ್ಪು. ಅದನ್ನ ಕಟ್ಟೋಕೆ ಹಾಕಿದ ರಸ್ತೆ ಎಷ್ಟು ಕಡಿದಾಗಿದೆ ಅಂದ್ರೆ, ವುವೆಲ್ತಾ ಅಂದ್ರೆ ಸ್ಪೇನಿನ ಮಹಾ ಸೈಕಲ್ ರೇಸ್ 2019ರಲ್ಲಿ ಒಂದು ದಿನದ ಕೊನೆಗೆರೆಯನ್ನ ಅಲ್ಲೇ ಇಟ್ಟಿತು. 2023ರಲ್ಲಿ ಮತ್ತೆ ಅಲ್ಲೇ. ಆ ದಿನ ಗೆದ್ದ ಅಮೆರಿಕದ ಸೆಪ್ ಕುಸ್ ಕೊನೆಗೆ ಇಡೀ ರೇಸನ್ನೇ ಗೆದ್ದ.

ತೆರುವೆಲ್‌ನಿಂದ ಹೊರಟು ಬೆಟ್ಟ ಸುತ್ತಿ ವಾಪಸ್ ಬರೋ ಸುಮಾರು 700 ಕಿ.ಮೀ. ಸೈಕಲ್ ಮಾರ್ಗವೂ ಒಂದಿದೆ. ಹೆಸರು "ಮೊಂತಾನ್ಯಾಸ್ ವಸಿಯಾಸ್", ಖಾಲಿ ಬೆಟ್ಟಗಳು. ಹೆಚ್ಚು ಮಣ್ಣುದಾರಿ, ಡೇರೆ ಕಟ್ಕೊಂಡು ವಾರಗಟ್ಟಲೆ ತುಳಿಯೋರಿಗೆ. ಹೆಸರಲ್ಲಿರೋದು ಯಾವ ಪದ ಗಮನಿಸಿದ್ರಾ? ವಸಿಯಾ, ವಸಿಯಾದಾ ಅಲ್ಲ. ಟೂರಿಸಂಗೆ ಮೊದಲ ಪದ ಒಗ್ಗುತ್ತೆ. ಹಾಗಂತ ಬರೋರು ತಪ್ಪು ಅಂತ ನಾನು ಹೇಳಲ್ಲ. ಸೈಕಲ್‌ನೋನು ಕಾರಿನವನ ಹಾಗೆ ಒಂದೇ ಗಂಟೇಲಿ ಜಿಲ್ಲೆ ದಾಟಲ್ಲ. ಅವನಿಗೆ ಹಸಿವಾಗುತ್ತೆ, ಸುಸ್ತಾಗುತ್ತೆ, ರಾತ್ರಿ ಉಳೀಬೇಕು. ಊರಿಗೆ ಅವನಿಂದ ನಾಲ್ಕು ಕಾಸು ಉಳಿಯುತ್ತೆ.

ಭಾಗ 10

ಮುಂದೆ ಎಂದಾದ್ರೂ ಹೋಗೋರಿಗೆ, ಅಥವಾ ಮ್ಯಾಪ್‌ನಲ್ಲೇ ಸುತ್ತೋರಿಗೆ (ನಾನು ಸದ್ಯಕ್ಕೆ ಎರಡನೇ ಗುಂಪು).

ಮೊದಲ ಸಲಕ್ಕೆ ಹಸಿರುದಾರಿ ಸಾಕು. ಡಾಂಬರು ಬೇಕಂದ್ರೆ ತೆರುವೆಲ್‌ನಿಂದ ಅಲ್ಬರಾಸಿನ್ ಕಡೆಗೆ ಹೋಗೋ ಎ-1512 ರಸ್ತೆ ಹಿಡೀರಿ. ದಾರೀಲಿ ಬಂಡೆ ಕೊರೆದು ಮಾಡಿರೋ ರೋಮನ್ ಕಾಲದ ನೀರುಗಾಲುವೆ ಸಿಗುತ್ತೆ, ಅಲ್ಬರಾಸಿನ್‌ನಿಂದ ಸೆಲ್ಲಾ ತನಕ ಸುಮಾರು 25 ಕಿ.ಮೀ. ಅಲ್ಬರಾಸಿನ್ ಅಂದ್ರೆ ಒಂದು ಕಾಲಕ್ಕೆ ಬನು ರಾಝಿನ್ ಅನ್ನೋ ಬರ್ಬರ್ ವಂಶದ ರಾಜಧಾನಿ, ಹೆಸರೂ ಅದರಿಂದಲೇ. ಈಗ ಸಾವಿರದಷ್ಟು ಜನ. ಅಲ್ಲಿಂದ ಮೇಲೆ ಹತ್ತಿದ್ರೆ ಬ್ರೊಂಚಾಲೆಸ್, ಒರಿವೆಲಾ ದೆಲ್ ತ್ರೆಮೆದಾಲ್, ಪೈನ್ ಕಾಡು. ಇನ್ನೊಂದು ಕಡೆ ಫ್ರಿಯಾಸ್ ಊರಿನ ಹತ್ರ ತಾಹೊ ನದಿ ಹುಟ್ಟೋ ಜಾಗ. ಅಲ್ಲಿ ಹೆಜ್ಜೆ ಹಾಕಿ ದಾಟೋ ಅಷ್ಟೇ ನೀರು, ಲಿಸ್ಬನ್ ಹತ್ರ ಸಮುದ್ರ ಸೇರೋ ಹೊತ್ತಿಗೆ ಆಚೆ ದಡ ದೂರ.

ಚಳಿಗಾಲದಲ್ಲಿ ಬೇಡ. ಈ ಜಿಲ್ಲೆಯ ಕಲಮೋಚಾದಲ್ಲಿ 1963ರ ಡಿಸೆಂಬರ್‌ನಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗಿತ್ತು. ಮೇ, ಜೂನ್, ಸೆಪ್ಟೆಂಬರ್ ಒಳ್ಳೇದು. ಕಾರು ಸಿಕ್ಕಿದ್ರೂ ಹೆದರ್ಬೇಡಿ, ಸೈಕಲ್‌ನೋರನ್ನ ಹಿಂದೆ ಹಾಕೋವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡ್ಬೇಕು ಅನ್ನೋದು ಅಲ್ಲಿನ ಕಾನೂನು.

ಊಟದ್ದೇ ನಿಜವಾದ ಸಮಸ್ಯೆ. ಮ್ಯಾಪ್‌ನಲ್ಲಿ ಊರು ಇದೆ ಅಂದ ಮಾತ್ರಕ್ಕೆ ಅಂಗಡಿ ಇದೆ ಅಂತ ಅಲ್ಲ. ಎಂಬತ್ತು ಜನರ ಊರಲ್ಲಿ ಕಿರಾಣಿ ಅಂಗಡಿ ಲಾಭದಲ್ಲಿ ನಡೆಯಲ್ಲ, ಬಾರ್ ನಡೆಯಲ್ಲ, ಲಾಡ್ಜ್ ಅಂತೂ ಇಲ್ಲ. ಅದಕ್ಕೆ ತೆರುವೆಲ್‌ನಲ್ಲಿ ಮೂರನ್ನೂ ಒಂದೇ ಸೂರಿನ ಕೆಳಗೆ ತಂದಿದ್ದಾರೆ: ಮುಂದೆ ಕಾಫಿ ಕೌಂಟರ್, ಪಕ್ಕದ ಕಪಾಟಲ್ಲಿ ಅಕ್ಕಿ, ಸೋಪು, ಬ್ರೆಡ್ಡು, ಮೇಲೆ ಎರಡು ಮೂರು ರೂಮು. ಹೆಸರು "ಮುಲ್ತಿಸರ್ವಿಸಿಯೊ". ಕಟ್ಟಡ ಸಾಮಾನ್ಯವಾಗಿ ಊರ ಪಂಚಾಯ್ತಿದು, ನಡೆಸೋಕೆ ಒಂದು ಸಂಸಾರಕ್ಕೆ ಕಮ್ಮಿ ಬಾಡಿಗೆಗೆ ಕೊಡ್ತಾರೆ. ಮುದುಕರು ಇಸ್ಪೀಟು ಆಡೋದೂ ಅಲ್ಲೇ. ಬೇರೆ ಬೇರೆಯಾಗಿ ಲೆಕ್ಕ ಬರೆದ್ರೆ ಮೂರೂ ನಷ್ಟ, ಒಟ್ಟಿಗೆ ಬರೆದ್ರೆ ಹೇಗೋ ಗೆರೆ ಮುಟ್ಟುತ್ತೆ. ಇಂಟರ್ನಲ್ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿರೋರು ಇದನ್ನ ತಗೊಳ್ಳಿ, ನಮ್ಮ ಕಾಲೇಜಲ್ಲಿ ಯಾರೂ ಮಾಡಿರಲ್ಲ.

ಒಂದು ಸೂಚನೆ. ನಡೆಸೋ ಸಂಸಾರ ಪೇಟೆಗೆ ಹೋದ ದಿನ ಊರಿಗೆ ಊರೇ ಬಂದ್. ಹಾಗಾಗಿ ಹೊರಡೋ ಮುಂಚೆ ಫೋನ್ ಮಾಡಿ, ಇವತ್ತು ತೆಗೆದಿರ್ತೀರಾ ಅಂತ ಕೇಳ್ಕೊಳ್ಳಿ. ಅರ್ಧ ಮಾತು ಸ್ಪ್ಯಾನಿಶ್ ಬಂದ್ರೂ ಸಾಕು. ತೆಗೆದಿದ್ರೆ ಒಂದು ಬೊಕಡಿಯೊ, ಅಂದ್ರೆ ಉದ್ದ ಬ್ರೆಡ್ಡು ಸೀಳಿ ಒಳಗೆ ಮೊಟ್ಟೆಯೋ ಚೀಸೋ ಇಟ್ಟದ್ದು, ತಗೊಂಡು ಎರಡೂ ಬಾಟಲಿಗೆ ನೀರು ತುಂಬಿಸ್ಕೊಳ್ಳಿ. ಮುಂದಿನ ಊರು ಬಹಳ ದೂರ ಇರುತ್ತೆ.

ಮುಂದಿನ ವಾರದ ಸರಣಿ ಒಲ್ವೇರಾದ 30 ಸುರಂಗಗಳದ್ದು. ಅಲ್ಲೀ ತನಕ ಇದನ್ನ ಸೇವ್ ಮಾಡಿಟ್ಕೊಳ್ಳಿ.